ಚಿಕ್ಕಪ್ಪನ ಮೂಲ ನಿರ್ಮೂಲನೆ

ಜಗತ್ತಿನ ಭಯೋತ್ಪಾದನೆಯನ್ನು ನಿಲ್ಲಿಸಬಲ್ಲ ಏಕೈಕ ಮನುಷ್ಯ ಬೆಂಗಳೂರಿನ ಜೋಗುಪಾಳ್ಯದಲ್ಲಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಮ್ಮ ಚಿಕ್ಕಮ್ಮನೂ ನಂಬುವುದಿಲ್ಲ. ಆದರೆ ಆಕೆಯ ಗಂಡ, ಅಂದರೆ ನಮ್ಮ ಚಿಕ್ಕಪ್ಪ, ಗಟ್ಟಿಯಾಗಿ ನಂಬಿದ್ದಾರೆ. ದೊಡ್ಡ ದೊಡ್ಡ ದೇಶಗಳು ತಮ್ಮನ್ನು ಇನ್ನೂ ಯಾಕೆ ಕರೆಸಿಕೊಂಡಿಲ್ಲ ಎಂಬುದೊಂದೇ ಅವರಿಗೆ ಬಗೆಹರಿಯದ ಪ್ರಶ್ನೆ!

ನಿವೃತ್ತರಾದ ಮೇಲೆ ಕೆಲವರು ವಾಕಿಂಗ್ ಹಿಡಿಯುತ್ತಾರೆ, ಕೆಲವರು ಭಜನೆ ಹಿಡಿಯುತ್ತಾರೆ. ಚಿಕ್ಕಪ್ಪ ಹಿಡಿದದ್ದು 'ಮೂಲ'ವನ್ನು. ಟೀವಿಯಲ್ಲಿ ಎಲ್ಲೋ ಬಾಂಬು ಸಿಡಿದ ಸುದ್ದಿ ಬಂದರೆ ಸಾಕು, "ಬರೀ ಗುಂಡು ಹಾರಿಸಿದ್ರೆ ಆಗಲ್ಲ ಕಣೋ, ಮೂಲ ಹುಡುಕ್ಬೇಕು. ಒಂದು ದೇಶದ ಕೈಲಿ ಆಗೋ ಕೆಲ್ಸ ಅಲ್ಲ, ಎಲ್ರೂ ಸಹಕರಿಸ್ಬೇಕು" ಎಂದು ಶುರು. "ಹಾಗಂತ ಕೊಂದವರನ್ನ ಬಿಟ್ಬಿಡೋದಾ?" ಎಂದು ನಾನೊಮ್ಮೆ ಕೇಳಿದೆ. "ಬಿಡು ಅಂತ ಯಾರಂದ್ರು? ಶಿಕ್ಷೆ ಆಗ್ಲೇಬೇಕು. ಆದ್ರೆ ನಾಳೆ ಇನ್ನೊಬ್ಬ ಹುಟ್ಕೋಬಾರ್ದಲ್ಲ!" ಎಂದರು. ಮಾತೇನೋ ಸರಿಯೇ. ಕಷ್ಟವೆಂದರೆ, ಸಾರಿಗೆ ಉಪ್ಪು ಜಾಸ್ತಿಯಾದಾಗಲೂ ಅವರು ಇದೇ ಮಾತನ್ನು ಆಡುತ್ತಾರೆ.

ಇಲಿಗಳ ಪ್ರಸಂಗವನ್ನೇ ನೋಡಿ. ಅವರ ವಠಾರದಲ್ಲಿ ನಾಲ್ಕು ಮನೆ. ಒಬ್ಬರು ಓಡಿಸಿದ ಇಲಿ ಪಕ್ಕದವರ ಮನೆಗೆ ನುಗ್ಗುತ್ತಿತ್ತು. "ಇದು ಗಡಿಯಾಚೆಯ ಭಯೋತ್ಪಾದನೆ!" ಎಂದು ಘೋಷಿಸಿದ ಚಿಕ್ಕಪ್ಪ ನಾಲ್ಕೂ ಮನೆಯವರ ಶೃಂಗಸಭೆ ಕರೆದೇಬಿಟ್ಟರು. ಎಲ್ಲರೂ ಒಂದೇ ದಿನ ಬೋನು ಇಡಬೇಕು ಎಂಬುದು ಒಪ್ಪಂದ. ಆದರೆ ಭಯೋತ್ಪಾದಕ ಯಾರು ಎಂಬ ವ್ಯಾಖ್ಯಾನವೇ ಬಗೆಹರಿಯಲಿಲ್ಲ! ಹೆಗ್ಗಣ ಖಂಡಿತ ಹೌದು, ಸುಂಡಿಲಿ ಪಾಪದ್ದು ಎಂದರು ಮಹಡಿ ಮನೆಯವರು. ಎದುರು ಮನೆಯ ಟೈಲರ್ ಭಾಯಿ ಎದ್ದು ನಿಂತರು: "ಅರೆ, ಪಾಪದ್ದು ಎಂಥದ್ದು ಸಾಬ್? ಮದುವೆ ಶೇರ್ವಾನಿ ಕಡಿದಿದ್ದು ಅದೇ ಸುಂಡಿಲಿ!" ಮೂಲೆ ಮನೆಯ ತಮಿಳು ಅಜ್ಜಿಯಂತೂ, "ಅದು ಪಿಳ್ಳೆಯಾರ್ ವಾಹನಂ, ನಿಮ್ಮ ಗಣಪತೀದು. ನಾನು ಬೋನು ಇಡಲ್ಲಪ್ಪಾ" ಎಂದು ಸಭೆಯಿಂದಲೇ ಹೊರನಡೆದರು. ಅಜ್ಜಿ ದಿನವೂ ಇಲಿಗಳಿಗೆ ಕೊಬ್ಬರಿ ಚೂರು ಇಡುತ್ತಿದ್ದ ಸಂಗತಿ ಆಮೇಲೆ ಹೊರಬಿತ್ತು. "ನೋಡಿದ್ಯಾ? ಇದಕ್ಕೇ ಹೇಳೋದು, ಧನಸಹಾಯ ಎಲ್ಲಿಂದ ಬರ್ತಿದೆ ಅಂತ ಮೊದ್ಲು ಪತ್ತೆ ಹಚ್ಚಬೇಕು" ಎಂದರು ಚಿಕ್ಕಪ್ಪ, ಸೋತ ಮುಖದಲ್ಲೂ ಗೆಲುವಿನ ಧ್ವನಿಯಲ್ಲಿ.

ವಠಾರ ಕೈಬಿಟ್ಟ ಮೇಲೆ ಅವರು ಜನಜಾಗೃತಿಗೆ ಇಳಿದರು. 'ಭಯೋತ್ಪಾದನೆಯ ಮೂಲ ನಿರ್ಮೂಲನೆ, ಉಚಿತ ಸಮಾಲೋಚನೆ, ಸಂಜೆ ಐದರ ನಂತರ' ಎಂದು ಬೋರ್ಡು ಬರೆಸಲು ಶಿವಾಜಿನಗರದ ಪೇಂಟರ್ ಬಳಿ ಹೋದರು. ಮೊದಲ ಪದ ಓದಿಯೇ ಪೇಂಟರ್ ಬೆವತುಹೋದ. "ಸಾರ್, ಆ ಪದ ಒಂದು ಬೇಡ ಸಾರ್. ಬೋರ್ಡ್ ಒಣಗೋಕ್ ಮುಂಚೆ ಪೊಲೀಸ್ನೋರು ಬಂದ್ಬಿಡ್ತಾರೆ!" ಆ ಪದವನ್ನು ಬಿಟ್ಟು ಮಿಕ್ಕದ್ದನ್ನು ಬರೆದುಕೊಟ್ಟ. ಹೀಗಾಗಿ ಗೇಟಿನ ಮೇಲೆ ದಪ್ಪಕ್ಷರದಲ್ಲಿ ಮೆರೆದದ್ದು ಇಷ್ಟು: 'ಮೂಲ ನಿರ್ಮೂಲನೆ. ಉಚಿತ ಸಮಾಲೋಚನೆ. ಸಂಜೆ ಐದರ ನಂತರ.'

ಕನ್ನಡ ಬಲ್ಲವರಿಗೆ ಇನ್ನು ಬಿಡಿಸಿ ಹೇಳಬೇಕೆ? ಮೂಲವ್ಯಾಧಿಯವರು ಬರತೊಡಗಿದರು!

ಮೊದಲು ಬಂದವನು ಒಬ್ಬ ಆಟೋ ಡ್ರೈವರ್. ನಾನೂ ಅಲ್ಲೇ ಇದ್ದೆ. ಚಿಕ್ಕಪ್ಪ ಗಂಭೀರವಾಗಿ ಆರಂಭಿಸಿದರು.

"ನೋಡಪ್ಪ, ಇದು ಇವತ್ತು ನಿನ್ನೇದಲ್ಲ. ಎಲ್ಲಾ ದೇಶದಲ್ಲೂ ಇದೆ."

"ಹೌದಾ ಸಾರ್? ಫಾರಿನ್‌ನವರಿಗೂ ಇದೆಯಾ? ಅವ್ರು ಖಾರಾನೇ ತಿನ್ನಲ್ವಲ್ಲ!"

"ಬಲಪ್ರಯೋಗ ಮಾಡಿದಷ್ಟೂ ಜಾಸ್ತಿ ಆಗುತ್ತೆ."

"ನಿಜ ಸಾರ್, ನಾನೇ ಅನುಭವಿಸಿದೀನಿ."

"ಈ ರಕ್ತಪಾತ ನಿಲ್ಲಬೇಕು."

"ನಿಂತ್ರೆ ಸಾಕಾಗಿದೆ ಸಾರ್, ದಿನಾ ಬೆಳಿಗ್ಗೆ ಎದ್ರೆ ಅದೇ!"

"ಒಬ್ಬರ ಕೈಲಾಗಲ್ಲ. ಎಲ್ಲಾ ರಾಷ್ಟ್ರಗಳೂ ಒಟ್ಟಿಗೆ ಕೂತು ಬಿಚ್ಚಿ ಮಾತಾಡ್ಬೇಕು."

"ಅಯ್ಯಯ್ಯೋ, ಬೇಡ ಸಾರ್! ನಮ್ಮನೆಯವಳಿಗೇ ಹೇಳಿಲ್ಲ ನಾನು!" ಎಂದವನೇ ಆಟೋ ಹತ್ತಿ ಪರಾರಿಯಾದ.

ನಿಜ ವಿಷಯ ತಿಳಿಸಿದಾಗ ಚಿಕ್ಕಪ್ಪ ನಾಚಿಕೊಂಡರೆ? ಎಲ್ಲಿ ಬಂತು! "ಏನಾದ್ರಾಗ್ಲಿ, ಜನ ಬರ್ತಿದಾರಲ್ಲ" ಎಂದು ಬೋರ್ಡನ್ನು ಅಲ್ಲೇ ಬಿಟ್ಟರು.

ಹೀಗಿರುವಾಗ ಚಿಕ್ಕಪ್ಪನ ಒಬ್ಬಳೇ ಮಗಳಿಗೆ ಗಂಡು ಗೊತ್ತಾಗುವ ಹಂತಕ್ಕೆ ಬಂತು. ಹುಡುಗ ಗದಗದ ಕಡೆಯವನು, ಕೆ.ಆರ್. ಪುರದಲ್ಲಿ ವಾಸ. ಹುಡುಗ ಹುಡುಗಿ ತಾವೇ ಮೆಚ್ಚಿಕೊಂಡಾಗಿತ್ತು, ಹುಡುಗನ ತಂದೆ ಹೂಂ ಅನ್ನುವುದೊಂದೇ ಬಾಕಿ. ಅವರು ಹೆಣ್ಣು ನೋಡಲು ಬರುವ ದಿನ ಬಂತು. "ಇವತ್ತೊಂದು ದಿನ ಲೋಕೋದ್ಧಾರ ಬೇಡ ರೀ, ಅವಳ ಬಾಳಿನ ಪ್ರಶ್ನೆ" ಎಂದು ಚಿಕ್ಕಮ್ಮ ಗಂಡನಿಂದ ಆಣೆ ಹಾಕಿಸಿಕೊಂಡಿದ್ದರು. ಬೋರ್ಡು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಆ ತಂದೆ ಊರಿನಿಂದ ನೇರವಾಗಿ ಬಂದರು, ಮುಖ ಗಂಟು ಹಾಕಿಕೊಂಡೇ ಬಂದರು. ಕುರ್ಚಿ ಕೊಟ್ಟರೆ, "ಇರ್ಲಿ ಬಿಡ್ರಿ, ನಿಂತಿರ್ತೀನಿ" ಎಂದರು. ಚಿಕ್ಕಮ್ಮ ಅವರಿಗೆಂದೇ ಮೆಣಸಿನಕಾಯಿ ಬಜ್ಜಿ ಕರಿದಿದ್ದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಖಾರ ಒಲ್ಲೆರಿ" ಎಂದರು. ಗದಗದವರು ಮಿರ್ಚಿ ಬೇಡವೆಂದರೆ ಸಂಬಂಧವೇ ಬೇಡವೆಂದು ಅರ್ಥವಲ್ಲವೆ? "ಎಂಥ ಜಂಬದ ಮನುಷ್ಯ!" ಎಂದು ಚಿಕ್ಕಮ್ಮ ನನ್ನ ಕಿವಿಯಲ್ಲಿ ಉಸುರಿದರು. ಬಾಗಿಲ ಹಿಂದೆ ತಂಗಿಯ ಮುಖ ಬಾಡಿಹೋಗಿತ್ತು.

ಕೊನೆಗೆ ಅವರೇ ಗಂಟಲು ಸರಿಮಾಡಿಕೊಂಡರು. "ಹೊರಗ ಬೋರ್ಡ್ ನೋಡಿದೆ. ಮೂಲ ಅಂತ ಬರಸೀರಲ್ರಿ..."

ಚಿಕ್ಕಮ್ಮ ನಡುವೆಯೇ ಬಾಯಿ ಹಾಕಿದರು. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಇದೆಯಲ್ಲ! "ಅಯ್ಯೋ, ಇಲ್ಲಾರೀ! ನಮ್ಮ ಹುಡುಗೀದು ರೋಹಿಣಿ! ಬೇಕಾದ್ರೆ ಜಾತಕ ತೋರಿಸ್ತೀನಿ!"

ಆತ ಕೆಂಪಗಾದರು. "ನಕ್ಷತ್ರದ ಮಾತಲ್ರಿ ಅಕ್ಕಾರ. ಮೂಲ ನಂದೈತ್ರಿ. ರಾತ್ರಿಯೆಲ್ಲ ಬಸ್ಸಿನ್ಯಾಗ ಕುಂತ್ ಬಂದೇನಿ. ಔಷಧ ಏನರ ಕೊಡ್ತೀರೇನು?"

ಚಿಕ್ಕಪ್ಪ ಬಾಯಿ ತೆರೆದರು. ಮುಗಿಯಿತು, ಇನ್ನು ಎಲ್ಲಾ ರಾಷ್ಟ್ರಗಳೂ ಬರುತ್ತವೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಏನೂ ಬರಲಿಲ್ಲ. ಅವರು ಒಳಗೆ ಹೋಗಿ ತಮ್ಮ ದಿಂಬನ್ನು ತಂದು ಕುರ್ಚಿಯ ಮೇಲೆ ಹಾಕಿ, "ಒಂದು ಮಗ್ಗುಲಾಗಿ ಕೂತ್ಕೊಳ್ಳಿ. ಔಷಧ ಡಾಕ್ಟರನ್ನೇ ಕೇಳೋಣ, ನಾನೇ ಕರ್ಕೊಂಡ್ ಹೋಗ್ತೀನಿ. ಈಗ ಮಜ್ಜಿಗೆ ಕುಡೀರಿ" ಎಂದರು. ಆತ ಮೆಲ್ಲಗೆ ಕೂತರು. ಹಣೆಯ ಗಂಟು ಸಡಿಲವಾಯಿತು. ಮಜ್ಜಿಗೆ ಮುಗಿಯುವಷ್ಟರಲ್ಲಿ ಮದುವೆ ನಿಶ್ಚಯವಾಗಿತ್ತು!

ಅವರನ್ನು ಡಾಕ್ಟರಿಗೆ ತೋರಿಸಿ, ಕಳಿಸಿ ಬಂದ ಚಿಕ್ಕಪ್ಪ ಗೇಟಿನ ಹತ್ತಿರ ನಿಂತರು. "ಪಾಪ, ಜಂಬ ಅಂದ್ಕೊಂಡ್ವಲ್ಲೋ. ಎಲ್ಲಿ ನೋವು ಅಂತ ನಮ್ಮಲ್ಲಿ ಒಬ್ರೂ ಕೇಳ್ಲಿಲ್ಲ" ಎಂದರು.

ಒಳಗೆ ಅಡುಗೆಮನೆಯಲ್ಲಿ ಪಾತ್ರೆಗಳು ಧಡಧಡ ಎನ್ನುತ್ತಿದ್ದವು. ಮದುವೆ ಗೊತ್ತಾದ ಸಂತೋಷದ ಮನೆಯಲ್ಲಿ ಚಿಕ್ಕಮ್ಮ ಎಲ್ಲರ ಮೇಲೂ ಹರಿಹಾಯುತ್ತಿದ್ದರು. ಬಜ್ಜಿ ಉಳಿದದ್ದಕ್ಕೆ ನನ್ನ ಮೇಲೆ, ಹಾಲು ಉಕ್ಕಿದ್ದಕ್ಕೆ ಮಗಳ ಮೇಲೆ. ಇಂಥ ಹೊತ್ತಿನಲ್ಲಿ ಚಿಕ್ಕಪ್ಪ ಹಲಸೂರು ಕೆರೆಯ ಕಡೆ ಜಾರಿಕೊಳ್ಳುವುದು ವಾಡಿಕೆ. ಅಂದು ಚಪ್ಪಲಿ ಬಿಟ್ಟು ಒಳಗೆ ಹೋದರು.

"ಎಲ್ಲೇ ನೋಯ್ತಿದೆ ನಿಂಗೆ?"

ಬೈಯಲೆಂದೇ ತಿರುಗಿದ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಅತ್ತುಬಿಟ್ಟರು. "ಅವಳು ಹೊರಟ್ಹೋಗ್ತಾಳಲ್ರೀ..."

ಹೋಗುವುದು ಕೆ.ಆರ್. ಪುರಕ್ಕಷ್ಟೇ ಅಲ್ಲವೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಚಿಕ್ಕಪ್ಪ ಅವರ ಕೈಯಿಂದ ಸೌಟು ತೆಗೆದಿಟ್ಟು, ಪಕ್ಕದಲ್ಲಿ ನೆಲದ ಮೇಲೆಯೇ ಕೂತರು.

"ನಂಗೂ ಅಲ್ಲೇ ನೋಯ್ತಿದೆ ಕಣೇ" ಎಂದರು.