ಐಸಲ್ಲಿ ಕೆಮಿಸ್ಟ್ರಿ

ಹೆಪ್ಪುಗಟ್ಟಿಸಿದ ದ್ರಾವಣದೊಳಗೆ ರಾಸಾಯನಿಕ ಕ್ರಿಯೆ ಹೇಗೆ ನಡೆಯುತ್ತೆ ಅಂತ ನೋಡೋದು ನನ್ನ ಕೆಲಸ. ಬನಶಂಕರಿಯ ಒಂದು ಕಾಲೇಜಿನ ಲ್ಯಾಬಲ್ಲಿ. ಈ ಕೆಲಸದ ಬಗ್ಗೆ ಯಾರಾದ್ರೂ ವಿಚಾರಿಸಿದರೆ ಸಾಕು, ಅವತ್ತು ಏನಾದರೊಂದು ಎಡವಟ್ಟು ಗ್ಯಾರಂಟಿ.

ಬಾಡಿಗೆ ಮನೆ

ಜರಗನಹಳ್ಳಿಯಲ್ಲಿ ಮನೆ ನೋಡೋಕೆ ಹೋಗಿದ್ದೆ. ಓನರ್ ಆಂಟಿ ಬಾಗಿಲಲ್ಲೇ ತಡೆದರು.

“ಏನ್ ಕೆಲಸಮ್ಮಾ?”

“ಐಸಲ್ಲಿ ಕೆಮಿಸ್ಟ್ರಿ ಮಾಡ್ತೀನಿ ಆಂಟಿ.”

“ಓ, ಐಸ್‌ಕ್ರೀಮಾ! ಬಾ, ಒಳಗೆ ಬಾ.”

ಅಲ್ಲ ಅನ್ನೋಷ್ಟರಲ್ಲಿ ಕೈಗೆ ಕಾಫಿ ಬಂತು, ಹಿಂದೆಯೇ ಬೀಗದ ಕೈ. ಮೊಮ್ಮಗಳ ಬರ್ತ್‌ಡೇ ದಿನ “ನಿನ್ನ ಐಸ್‌ಕ್ರೀಂ ತಾಮ್ಮಾ” ಅಂದರು. ಜಯನಗರದಿಂದ ಒಂದು ಡಬ್ಬ ತಂದು, “ಇದು ಅಂಗಡೀದು ಆಂಟಿ, ನಾನು ಮಾಡಿದ್ದಲ್ಲ” ಅಂತ ಬಿಡಿಸಿ ಹೇಳಿಯೇ ಕೊಟ್ಟೆ.

ಆಂಟಿ ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದರು. “ಗೊತ್ತಾಗುತ್ತೆ ಬಿಡು. ನಿನ್ನ ಕೈರುಚಿ ಇದರಲ್ಲೆಲ್ಲಿ!”

ಚಾ ಹಾಕಿದವರು

ವಿಜಯಪುರದ ಹುಡುಗಿಯೊಬ್ಬಳು ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದಳು. ನೀರಿನಂಥ ತಿಳಿಯಾದ ದ್ರಾವಣವನ್ನ ಎರಡು ಟ್ಯೂಬಿಗೆ ತುಂಬಿಸಿ, ಒಂದನ್ನ ಮೇಜಿನ ಮೇಲೆ, ಇನ್ನೊಂದನ್ನ ಫ್ರೀಜರಲ್ಲಿ ಇಡಿಸಿದೆ. ಮೇಜಿನ ಮೇಲಿನದು ಹಾಗೇ ಇತ್ತು. ಫ್ರೀಜರಿಂದ ತೆಗೆದದ್ದು ಕಂದು ಬಣ್ಣಕ್ಕೆ ತಿರುಗಿತ್ತು. ಐಸಾದ ಮೇಲೆ ಕ್ರಿಯೆ ಜೋರಾಗಿ ನಡೆದು ಅಯೋಡಿನ್ ಹುಟ್ಟಿತ್ತು, ಅಷ್ಟೇ.

ಅವಳು ಗಾಬರಿಯಾದಳು. “ಅಕ್ಕಾ, ಯಾರೋ ಇದರಾಗ ಚಾ ಹಾಕ್ಯಾರ!”

“ನೀನೇ ಕಾವಲಿದ್ದು ಇನ್ನೊಂದು ಸಲ ಮಾಡು” ಅಂದೆ. ಫ್ರೀಜರ್ ಮುಂದೆ ಕುರ್ಚಿ ಹಾಕಿ ಕೂತಳು, ಊಟಕ್ಕೂ ಏಳಲಿಲ್ಲ. ಮತ್ತೆ ಕಂದು.

“ಏನಾಯ್ತೇ?”

“ಈ ಸಲ ಸ್ಟ್ರಾಂಗ್ ಚಾ ಹಾಕ್ಯಾರ ಅಕ್ಕಾ.”

ವೈವಾ

ನನ್ನ ಪಿಎಚ್‌ಡಿ ವೈವಾಗೆ ಹನುಮಂತನಗರದಿಂದ ಅಪ್ಪ ಅಮ್ಮ ಬಂದು ಮುಂದಿನ ಸಾಲಲ್ಲೇ ಕೂತರು. ಪರೀಕ್ಷಕರು ನಗದ ಮನುಷ್ಯ.

“ಫ್ರೀಜ್ ಮಾಡಿದ್ರೆ ಎಲ್ಲಾ ನಿಧಾನ ಆಗ್ಬೇಕಲ್ವಾ? ಇದ್ಯಾಕೆ ಜೋರಾಯ್ತು?”

“ಸಾರ್, ನೀರು ಗಟ್ಟಿಯಾಗ್ತಾ ಲವಣಗಳನ್ನ ಹೊರಗೆ ತಳ್ಳುತ್ತೆ. ಅವೆಲ್ಲ ಐಸಿನ ಸಂದಿಗಳಲ್ಲಿ ಉಳಿದಿರೋ ಚೂರು ನೀರಲ್ಲಿ ಒತ್ತೊತ್ತಾಗಿ ಸೇರ್ಕೊಳ್ತವೆ. ಅದಕ್ಕೇ ಬೇಗ ರಿಯಾಕ್ಟ್ ಆಗ್ತವೆ.”

ಅವರು ಏನೋ ಗೀಚಿಕೊಂಡು, “ಸಭಿಕರಲ್ಲಿ ಯಾರಿಗಾದ್ರೂ ಪ್ರಶ್ನೆ ಇದೆಯಾ?” ಅಂದರು. ಅಮ್ಮನ ಕೈ ಮೇಲೆದ್ದಿತು.

“ಸಾರ್, ಮದುವೆಯಾದ ಹೊಸತರಲ್ಲಿ ಸಿದ್ದಾಪುರದ ಒಂದೇ ರೂಮಲ್ಲಿ ಅತ್ತೆ, ಮಾವ, ನಾದಿನಿಯರು ಎಲ್ಲಾ ಇದ್ವಿ. ಬೆಳಗಾದ್ರೆ ಜಗಳ. ದೊಡ್ಡ ಮನೆಗೆ ಹೋದ್ಮೇಲೆ ನಿಂತೇ ಹೋಯ್ತು. ಇವಳು ಹೇಳ್ತಿರೋದು ಅದೇನಾ?”

ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಭುಜ ಕುಲುಕುತ್ತಿತ್ತು. “ಹೌದಮ್ಮಾ. ಅದೇ.”

ಅಮ್ಮ ನನ್ನ ಕಡೆ ತಿರುಗಿದಳು. “ಅಯ್ಯೋ, ಇದಕ್ಕೆ ಇಷ್ಟು ವರ್ಷ ಓದ್ಬೇಕಿತ್ತೇನೇ? ನಿಮ್ಮಪ್ಪನ್ನ ಕೇಳಿದ್ರೆ ಆವತ್ತೇ ಹೇಳೋರು!”