ಅಕ್ಕನ ಕೈಗುಣ, ಭಾವನ ಆಸ್ಟ್ರೇಲಿಯಾ

ನಮ್ಮ ಭಾವನ ಮಟ್ಟಿಗೆ ದೇವರು ಸರಿಯಾಗಿ ಮಾಡಿದ ದೇಶ ಒಂದೇ, ಆಸ್ಟ್ರೇಲಿಯಾ. ಅಲ್ಲಿಗೆ ಹೋಗಿದ್ದಾರೆಯೇ ಎಂದು ಕೇಳಬೇಡಿ. ಊರು ಉಡುಪಿ ಕಡೆ, ಮನೆ ಮುಂಬಯಿ ಬಳಿಯ ಡೊಂಬಿವಲಿ, ಕೆಲಸ ಮಹಾಪೆಯ ಕಂಪನಿಯೊಂದರ ಕ್ಯಾಂಟೀನ್ ಮ್ಯಾನೇಜರಿಕೆ. ಇದರಾಚೆ ಅವರು ಕಂಡ ಪರದೇಶ ಪಕ್ಕದ ಕಲ್ಯಾಣ ಸ್ಟೇಷನ್ನು!

ಹುಚ್ಚು ಹಿಡಿದದ್ದು ಹೀಗೆ. ಮನೆ ಮೇಲಿನ ಮಹಡಿಯಲ್ಲಿ, ಗ್ಯಾಲರಿ, ಅಂದರೆ ಬಾಲ್ಕನಿ, ಪಶ್ಚಿಮಕ್ಕೆ. ಏಪ್ರಿಲ್ ಬಂತೆಂದರೆ ಅಲ್ಲಿ ಹಪ್ಪಳ ಒಣಗಿಸಬಹುದು, ಗಿಡ ಬೆಳೆಸುವ ಹಾಗಿಲ್ಲ. ಅಕ್ಕ ನೆಟ್ಟ ಮಲ್ಲಿಗೆ ಹೋಯಿತು, ಬಸಳೆ ಹೋಯಿತು, ಕೊನೆಗೆ ತುಳಸಿಯೂ ಕರಕಲಾಯಿತು. ಅದಕ್ಕೂ ಮೊದಲು ಅವಳಿಗೆ ಎರಡು ಸಲ ಗರ್ಭಪಾತವಾಗಿತ್ತು. ಒಣಗಿದ ತುಳಸಿಕಡ್ಡಿ ಹಿಡಿದುಕೊಂಡು ಅವಳು, "ನನ್ನ ಕೈಗುಣವೇ ಸರಿ ಇಲ್ಲ. ಈ ಕೈಗೆ ಬಂದದ್ದು ಯಾವುದೂ ಉಳಿಯುವುದಿಲ್ಲ" ಅಂದಳು. ಕೆಳಗಿನ ಮನೆಯ ಸೀಮಂತಕ್ಕೂ ಹೋಗಲಿಲ್ಲ.

ಭಾವ ಮರುದಿನ ಕ್ಯಾಂಟೀನಿನಲ್ಲಿ ಒಬ್ಬ ಕಂಪ್ಯೂಟರ್ ಇಂಜಿನಿಯರನನ್ನು ಹಿಡಿದು ಕೂರಿಸಿದರು. ಮಸಾಲೆ ದೋಸೆ ಮುಂದಿಟ್ಟು, "ಸುಡುಬಿಸಿಲಿಗೂ ಸಾಯದ ಗಿಡ ಯಾವ ದೇಶದಲ್ಲುಂಟು, ನೋಡು ಮಾರಾಯ" ಎಂದರು. ಇಂಟರ್ನೆಟ್ಟು ಆಸ್ಟ್ರೇಲಿಯಾ ಎಂದಿತು. ಅದು ಅರಬ್ ದೇಶ ಎಂದಿದ್ದರೆ ಭಾವ ಗ್ಯಾಲರಿಯಲ್ಲಿ ಖರ್ಜೂರ ನೆಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಸೀವುಡ್ಸ್‌ನ ನರ್ಸರಿಯಿಂದ ಎರಡು ಗಿಡ ಬಂದವು. ಒಂದು ಬಾಟಲ್ ಬ್ರಶ್, ಸೀಸೆ ತೊಳೆಯುವ ಬ್ರಶ್ಶಿನಂಥ ಹೂ ಬಿಡುವ ಗಿಡ. ಇನ್ನೊಂದು ಗ್ರೆವಿಲಿಯ, ಅದು ಭಾವನ ಬಾಯಲ್ಲಿ 'ಗಿರಿವೇಲು' ಆಯಿತು. ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮೀನಿನವಳೊಬ್ಬಳು, "ಹೇ ಕಾಯ್ ಆಹೇ?" ಎಂದು, ಇದೇನೆಂದು, ಮರಾಠಿಯಲ್ಲಿ ಕೇಳಿದಳಂತೆ. ಆಸ್ಟ್ರೇಲಿಯಾದ್ದು ಎಂದಾಗ, ಅಷ್ಟು ದೂರದಿಂದ ಬಂದದ್ದಾದರೆ ಕೂತುಕೊಳ್ಳಲಿ ಎಂದು ಬುಟ್ಟಿ ಸರಿಸಿ ಜಾಗ ಕೊಟ್ಟಳಂತೆ.

ನೆಡಬೇಕಾದದ್ದು ಮಾತ್ರ ಅಕ್ಕನೇ ಎಂದು ಭಾವನ ಹಟ. ಅವಳು ಒಲ್ಲೆ ಎಂದಳು. "ನನ್ನ ಉಗುರಿಗೆ ಮಣ್ಣು ಹೋದರೆ ನಾಳೆ ಇಡ್ಲಿ ಹಿಟ್ಟು ಕಲಸುವುದು ಹೇಗೆ?" ಎಂದರು ಭಾವ. ಅವರು ಹಿಟ್ಟು ಕಲಸಿದ್ದನ್ನು ಕಂಡವರು ಯಾರಿದ್ದಾರೆ? ಅಕ್ಕ ಗೊಣಗುತ್ತಲೇ ನೆಟ್ಟಳು.

ಆಮೇಲೆ ಭಾವನ ಕಾನೂನು ಬಂತು. ಗೊಬ್ಬರ ಹಾಕಬಾರದು, ನೀರು ಹೆಚ್ಚಾಗಬಾರದು. ನಮ್ಮ ಕಡೆಯ ಹೆಂಗಸಿಗೆ ಇದನ್ನು ಹೇಳಬಹುದೇ? ಬಂದವರ ಎಲೆಗೆ ಬೇಡವೆಂದರೂ ಬಡಿಸುವವಳು ಅಕ್ಕ. ಭಾವ ಕೆಲಸಕ್ಕೆ ಹೋದ ಮೇಲೆ ಗಿರಿವೇಲಿಗೆ ದಿನವೂ ಅಕ್ಕಿ ತೊಳೆದ ನೀರು, ಮೇಲೊಂದಿಷ್ಟು ಸೆಗಣಿ ಗೊಬ್ಬರ. ಗಿಡ ಕಪ್ಪಾಗಿ ಸತ್ತಿತು.

"ನೋಡಿದಿರಾ? ನಿಮ್ಮ ಆಸ್ಟ್ರೇಲಿಯಾದ್ದೂ ನನ್ನ ಕೈಯಲ್ಲಿ ಉಳಿಯಲಿಲ್ಲ."

"ಅದು ನಿನ್ನ ಕೈಯಿಂದ ಸತ್ತದ್ದಲ್ಲ ಮಾರಾಯ್ತಿ, ಊಟ ಹೆಚ್ಚಾಗಿ ಸತ್ತದ್ದು."

ನಾನು ನಕ್ಕೆ. ಅಕ್ಕ ನಗಲಿಲ್ಲ. ಗ್ಯಾಲರಿಯ ಬಾಗಿಲು ಹಾಕಿಕೊಂಡಳು, ಆ ಕಡೆ ಕಾಲಿಡುವುದನ್ನೇ ಬಿಟ್ಟಳು. ಭಾವ ಮಾತ್ರ ಬಾಟಲ್ ಬ್ರಶ್ಶಿಗೆ ಅಳೆದು ತಂಬಿಗೆ ನೀರು ಹಾಕುತ್ತಾ, ಬಾಗಿಲಾಚೆಗೆ ಕೇಳುವಂತೆ ಆಸ್ಟ್ರೇಲಿಯಾವನ್ನು ಹೊಗಳುತ್ತಿದ್ದರು. ಆ ಮನೆಯಲ್ಲಿ ಆಗ ಬೇರೆ ಮಾತೇ ಇರಲಿಲ್ಲ. ನನಗೆ ಅಲ್ಲಿಗೆ ಹೋಗುವುದೇ ಬೇಸರವಾಗಿತ್ತು.

ಮುಂದಿನ ಮೇ ತಿಂಗಳು ಬಿಲ್ಡಿಂಗಿನ ಗ್ಯಾಲರಿಗಳ ಗಿಡಗಳೆಲ್ಲ ಬಿಸಿಲಿಗೆ ಸುಟ್ಟು ಹೋದವು. ಒಂದು ಭಾನುವಾರ ನಾನು ಹೋದಾಗ ಭಾವ ಅಕ್ಕನ ರಟ್ಟೆ ಹಿಡಿದು ಗ್ಯಾಲರಿಗೆ ಎಳೆದು ತಂದಿದ್ದರು. ಬಾಟಲ್ ಬ್ರಶ್ ಕೊಂಬೆಗೊಂದರಂತೆ ಕೆಂಪು ಹೂ ಬಿಟ್ಟಿತ್ತು.

ಅಕ್ಕ ಬಗ್ಗಿ ಬುಡ ಮುಟ್ಟಿ ನೋಡಿದಳು. "ಇದು ನಾನು ನೆಟ್ಟದ್ದೇ ಅಲ್ಲವಾ? ಸತ್ತಿತೆಂದು ನೀವು ಬೇರೆ ತಂದಿಟ್ಟದ್ದಲ್ಲವಲ್ಲ?"

"ದೇವರಾಣೆ, ನಿನ್ನದೇ."

ಅಕ್ಕ ಅಲ್ಲೇ, ಕಾದ ನೆಲದ ಮೇಲೆ ಕೂತುಬಿಟ್ಟಳು. ಎರಡು ಸಲ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗಲೂ ಅಳದವಳು ದನಿ ತೆಗೆದು ಅತ್ತಳು. ಭಾವ ಪಕ್ಕದಲ್ಲಿ ಕೂತು ಅವಳ ಎರಡೂ ಕೈಗಳನ್ನು ತೆಗೆದುಕೊಂಡು ತಮ್ಮ ಕಣ್ಣಿಗೆ ಒತ್ತಿಕೊಂಡರು.