ಪಾಸಿಲ್ಲದ ಕುರಿಗಳು

ಒಬ್ಬ ಯಜಮಾನನ ಕೈಕೆಳಗೆ ದುಡಿಯುವವನಿಗೆ ಬೈಗುಳ ಒಂದೇ ದಿಕ್ಕಿನಿಂದ ಬರುತ್ತದೆ. ಯಾವ ಕಡೆ ತಲೆ ತಗ್ಗಿಸಬೇಕೆಂಬುದಾದರೂ ಗೊತ್ತಿರುತ್ತದೆ. ನನ್ನ ಹಣೆಬರಹ ಹಾಗಿರಲಿಲ್ಲ. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ ನಾನೊಂದು ವಿಮಾನ ನಿಲ್ದಾಣದಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಯಾವ ಊರಿನದೆಂದು ಹೇಳಲಾರೆ. ಅದರ ಮುಕ್ಕಾಲು ಪಾಲು ಮಿಲಿಟರಿಯದು, ಅವರೋ ತಮ್ಮ ಬಾವಿಯ ಆಳವನ್ನೂ ಗುಟ್ಟಾಗಿಡುವ ಜನ. ಉಳಿದ ಕಾಲು ಪಾಲು ನಮ್ಮದು: ತಗಡಿನ ಎರಡು ಕೋಣೆ, ಸಾಮಾನು ತೂಗುವ ಒಂದು ತಕ್ಕಡಿ, ನಮ್ಮ ಸಾಹೇಬರು, ನಾನು. ವಿಮಾನ ಇಳಿಯುವ ಡಾಂಬರು ಪಟ್ಟಿ ಮಾತ್ರ ಇಬ್ಬರದೂ. ಅದರ ಮೇಲೊಂದು ಕಲ್ಲು ಬಿದ್ದಿದ್ದರೆ ಯಾರು ಎತ್ತಬೇಕೆಂದು ಎರಡು ಕಚೇರಿಗಳ ನಡುವೆ ಕಾಗದಗಳು ಓಡಾಡುತ್ತಿದ್ದವು. ಕಲ್ಲು ನೆಮ್ಮದಿಯಾಗಿ ಬಿದ್ದಿರುತ್ತಿತ್ತು.

ಇನ್ನೊಂದು ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾನು ಜಮಖಂಡಿ ತಾಲೂಕಿನ ಹುನ್ನೂರಿನವನು, ಬೀರೇಶ್ವರನ ಒಕ್ಕಲು, ತಲೆತಲಾಂತರದಿಂದ ಕುರಿ ಕಾಯುವ ಮನೆಯವನು. ಆದರೆ ಮ್ಯಾಟ್ರಿಕ್ ಮುಗಿಸಿ ಪ್ಯಾಂಟು ಹೊಲಿಸಿಕೊಂಡ ಮೇಲೆ ಅದನ್ನು ಹೇಳಿಕೊಳ್ಳಲು ನಾಲಿಗೆ ಏಳುತ್ತಿರಲಿಲ್ಲ. ಮನೆತನದ ಬಗ್ಗೆ ಸಾಹೇಬರು ಕೇಳಿದಾಗ, "ಜಮೀನು ಅದಾವ್ರಿ" ಎಂದಿದ್ದೆ. ಪೂರಾ ಸುಳ್ಳೇನಲ್ಲ. ಜಮೀನುಗಳಿದ್ದವು, ಊರವರವು. ಗೊಬ್ಬರಕ್ಕೆಂದು ನಮ್ಮ ಕುರಿಗಳನ್ನು ಅವರು ಅಲ್ಲಿ ಮಲಗಿಸಿಕೊಳ್ಳುತ್ತಿದ್ದರು.

ನನ್ನ ನೌಕರಿಯನ್ನು ಖಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸುವ ದೊಡ್ಡ ಸಾಹೇಬರು ಮುಂಬಯಿಯಿಂದ ವಿಮಾನದಲ್ಲಿ ಬರುವ ದಿನ, ಇಸ್ತ್ರಿ ಅಂಗಿ ಮುದುಡೀತೆಂದು ಬೆಳಗಿನಿಂದ ನಾನು ಕೂತಿರಲೇ ಇಲ್ಲ. ಆಕಾಶದಲ್ಲಿ ಗುಂಯ್ ಎಂಬ ಸದ್ದು ಕೇಳಿತು. ಅದೇ ಹೊತ್ತಿಗೆ ಪಟ್ಟಿಯ ನಟ್ಟನಡುವೆ ನೂರರಷ್ಟು ಕುರಿಗಳು ಕಂಡವು. ತಂತಿಬೇಲಿಯಡಿ ನುಸುಳಿ ಬಂದಿದ್ದವು. ಅವುಗಳ ಹಿಂದೆ ಬರಬೇಕಾದ ಮನುಷ್ಯನನ್ನು ಪಾಸಿಲ್ಲವೆಂದು ಗೇಟಿನ ಸಿಪಾಯಿ ತಡೆದು ನಿಲ್ಲಿಸಿದ್ದ. ಹೆಗಲಲ್ಲಿ ಕಂಬಳಿ, ಹಣೆತುಂಬ ಬೀರೇಶ್ವರನ ಭಂಡಾರದ ಅರಿಶಿನ. ಮೇವು ಹುಡುಕುತ್ತ ಮಂದೆಯೊಡನೆ ಆ ಸೀಮೆಗೆ ಬಂದಿದ್ದ ನಮ್ಮ ಕಾಕಾ!

"ಕುರಿ ಮಿಲಿಟರಿ ಹುಲ್ಲಿನ ಮ್ಯಾಲಿಂದ ಬಂದಾವು, ಅವರೇ ಹೊರಗ ಹಾಕಬೇಕು" ಎಂದರು ನಮ್ಮ ಸಾಹೇಬರು. ಸದ್ಯ ಡಾಂಬರಿನ ಮೇಲಿವೆಯಾದ್ದರಿಂದ ಬರಹದಲ್ಲಿ ವಿನಂತಿ ಬರಲಿ ಎಂದ ಮಿಲಿಟರಿಯ ಸುಬೇದಾರ. ವಿಮಾನ ಒಂದು ಸುತ್ತು ಹಾಕಿತು. ಕೊನೆಗೆ ಸುಬೇದಾರನೇ ಜೀಪು ಹತ್ತಿ, ಜವಾನರಿಂದ ಸೀಟಿ ಊದಿಸುತ್ತ ಹಿಂದಿನಿಂದ ಅಟ್ಟಿದ. ಕುರಿಗಳು ದಿಕ್ಕಾಪಾಲಾಗಿ ಓಡಿ, ಸುತ್ತಿ ಬಳಸಿ ಮತ್ತೆ ಪಟ್ಟಿಯ ಮೇಲೆಯೇ ಒತ್ತಾಗಿ ನಿಂತವು. ವಿಮಾನ ಇನ್ನೊಂದು ಸುತ್ತು ಹಾಕಿತು.

ಕಾಕಾನಿಗೆ ತಡೆಯಲಾಗಲಿಲ್ಲ. ಗೇಟಿನಿಂದಲೇ ನನ್ನತ್ತ ಕೂಗಿದ: "ಲೇ ತಮ್ಮಾ, ಹಿಂದಿಂದ ಬೆದರಿಸಿದ್ರ ಕುರಿ ಹೋಗ್ತಾವೇನು? ಮುಂದ ನಿಂತು ಕರಿಯೋ! ಪ್ಯಾಂಟ್ ಹಾಕ್ಕೊಂಡ ಕೂಡ್ಲೇ ಗಂಟಲಾ ಬಿದ್ದು ಹೋತೇನು?"

"ಯಾರ್ರೀ ಅಂವಾ? ನಿಮಗ ಗೊತ್ತೇನು?" ಸಾಹೇಬರು ನನ್ನತ್ತ ತಿರುಗಿದರು.

ಗೊತ್ತಿಲ್ಲವೆಂದರೆ ಮಾನ ಉಳಿಯುತ್ತಿತ್ತು, ನೌಕರಿ ಆಕಾಶದಲ್ಲೇ ತಿರುಗುತ್ತಿತ್ತು. "ನಮ್ಮ ಕಾಕಾರೀ" ಎಂದವನೇ ಓಡಿದೆ. ಮಂದೆಯ ಮುಂದೆ ನಿಂತು, ಅಪ್ಪ ಕಲಿಸಿದಂತೆ ನಾಲಿಗೆ ಹೊರಳಿಸಿ, "ಟುರ್ರ್ರ್... ಬಾ! ಬಾ!" ಎಂದೆ. ಗಂಟೆ ಕಟ್ಟಿದ ಟಗರು ತಲೆಯೆತ್ತಿತು. ನಾನು ಬೆನ್ನು ತಿರುಗಿಸಿ ನಡೆದೆ. ಅದು ನನ್ನ ಹಿಂದೆ, ಉಳಿದವು ಅದರ ಹಿಂದೆ. ಜೀಪಿಗೂ ಸೀಟಿಗೂ ಜಗ್ಗದ ಮಂದೆ ನನ್ನೊಬ್ಬನ ಮಾತಿಗೆ ಡಾಂಬರು ಬಿಟ್ಟು ಇಳಿಯಿತು. ಜವಾನರು ಚಪ್ಪಾಳೆ ತಟ್ಟಿದರು. ಅಷ್ಟು ಹೆಮ್ಮೆ ನನಗೆ ಮ್ಯಾಟ್ರಿಕ್ ಪಾಸಾದಾಗಲೂ ಆಗಿರಲಿಲ್ಲ. ಎಲ್ಲವನ್ನೂ ಮೇಲಿನಿಂದ ನೋಡಿದ್ದ ದೊಡ್ಡ ಸಾಹೇಬರು ಇಳಿದವರೇ ನನ್ನ ಕೈ ಕುಲುಕಿದರು. ಕಾಕಾನಿಗೆ ಕೂಡಲೇ ಪಾಸು ಸಿಕ್ಕಿತು. ಅವನು ಒಳಗೆ ಬಂದು ನನಗೂ ದೊಡ್ಡ ಸಾಹೇಬರಿಗೂ ಸುಬೇದಾರನಿಗೂ ಭಂಡಾರ ಹಚ್ಚಿದ.

ವಾರದೊಳಗೆ ಆದೇಶ ಬಂತು. ಎರಡೂ ಕಚೇರಿಗಳು ತಕರಾರಿಲ್ಲದೆ ಸಹಿ ಮಾಡಿದ ಮೊದಲ ಕಾಗದ ಅದು. ನೌಕರಿ ಖಾಯಂ, ಅದರೊಂದಿಗೆ ಪಟ್ಟಿಗೆ ನುಗ್ಗುವ ಕುರಿ, ದನ, ಎಮ್ಮೆಗಳ ಹೊಣೆಯೂ ಖಾಯಂ. ಹುನ್ನೂರಿಗೆ ಹೋದಾಗ ಜನ ನನ್ನ ಕೆಲಸದ ಬಗ್ಗೆ ಕೇಳುತ್ತಾರೆ. "ನಾ ಬಾ ಅನ್ನದೇ ವಿಮಾನ ಇಳಿಯೂದಿಲ್ಲ" ಎಂದು ಎದೆಯುಬ್ಬಿಸಿ ಹೇಳುತ್ತೇನೆ. ಯಾರಿಗೆ ಬಾ ಅನ್ನುತ್ತೇನೆಂಬುದನ್ನು ಮಾತ್ರ ಹೇಳುವುದಿಲ್ಲ.